ದಾರೋಗಾ ಎದುರು ದಿನಕ್ಕೊಂದು ಗುಳಿಗೆ

ಎಕಂಬಾದ ಕಾಶೀರಾಮನಿಗೆ ಕಾಗದದ ಮೇಲಿದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಔರಾದ ತಾಲೂಕಿನ ಆ ಊರಿನ ಹೊಲಗೇರಿಯಲ್ಲಿ ಹುಟ್ಟಿದವನನ್ನು ಚಾವಡಿಯ ಕಟ್ಟೆ ಹತ್ತಿಸಿದ್ದು ಯಾವ ದೇವರೂ ಅಲ್ಲ, ಫೌಜಿನ ಒಂದು ಕಾಗದ. ಬರ್ಮಾದ ಲಡಾಯಿಯಲ್ಲಿ ಅವನು ಫೌಜಿ ದವಾಖಾನೆಯ ಆರ್ಡರ್ಲಿಯಾಗಿದ್ದ. ಎಡಗಾಲನ್ನು ಮೊಣಕಾಲಿನ ಕೆಳಗೆ ಅಲ್ಲಿಯೇ ಬಿಟ್ಟು, ಅದರ ಬದಲು ಒಂದು ಮರದ ಕಾಲು, ಎರಡು ಪದಕ ಮತ್ತು ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಹಾಳೆ ತಂದಿದ್ದ. ಆ ಹಾಳೆಗಳನ್ನು ನೋಡಿದಾಗ ಪಟವಾರಿಯೂ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದ. ಅವನಿಗೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ಆದರೂ ನಿಲ್ಲಿಸುತ್ತಿದ್ದ.

ತೊಂದರೆಯೆಂದರೆ ಬಿಟ್ಟು ಬಂದ ಕಾಲು ಸುಮ್ಮನಿರಲಿಲ್ಲ. ತಿಂಗಳಲ್ಲಿ ಏಳೆಂಟು ದಿನ ಇಲ್ಲದ ಪಾದದ ಇಲ್ಲದ ಬೆರಳುಗಳು ಸುಟ್ಟಂತೆ ಉರಿಯುತ್ತಿದ್ದವು. ಪುಣೆಯ ಫೌಜಿ ದವಾಖಾನೆಯ ಸರ್ಜನ್ ಸಾಹೇಬರು ಅದನ್ನು ನಂಬಿದರು. ವರ್ಷಕ್ಕೊಮ್ಮೆ ಹೋದಾಗ ನೂರು ಮಾರ್ಫಿಯಾ ಗುಳಿಗೆಗಳ ಡಬ್ಬಿ ಕೊಟ್ಟು, ಜೊತೆಗೊಂದು ಚೀಟಿ ಬರೆಯುತ್ತಿದ್ದರು: ನೋವು ತಡೆಯಲಾಗದ ದಿನ ಒಂದು, ಒಂದಕ್ಕಿಂತ ಹೆಚ್ಚು ಬೇಡ, ಉಳಿದ ದಿನ ಮುಟ್ಟಲೇಬೇಡ.

ಸಾವಿರದ ಒಂಬೈನೂರ ನಲವತ್ತೆಂಟರ ಜೂನಿನಲ್ಲಿ ಅವನು ಪುಣೆಗೆ ಹೊರಟಾಗ ಹೆಂಡತಿ ಕೇಶರಬಾಯಿ ಬಾಗಿಲಲ್ಲಿ ತಡೆದು ಹೇಳಿದಳು: "ಹೋದ ವರ್ಷದಂಗಲ್ಲ ಈಗ. ಸೊಲ್ಲಾಪುರದ ಕಡಿ ಬ್ಯಾರೆ ರಾಜ್ಯ, ನಮ್ದು ನಿಜಾಮ ಸರ್ಕಾರ. ನಡುವ ತಪಾಸ ಮಾಡ್ತಾರಂತ. ಡಬ್ಬಿ ಯಾರಿಗೂ ತೋರಿಸಬ್ಯಾಡ್ರಿ."

"ನಾ ಏನು ಕಳವು ಮಾಡಿ ತರ್ತೇನೇನ? ನನ್ನ ಹಂತ್ಯಾಕ ಚೀಟಿ ಅದ," ಎಂದ ಕಾಶೀರಾಮ.

"ಚೀಟಿ ಇದ್ದದ್ದಕ್ಕ ಹೇಳ್ತೇನಿ," ಎಂದಳು ಅವಳು. ಈ ಮಾತಿನ ಅರ್ಥ ಅವನಿಗೆ ಆಗ ಆಗಲಿಲ್ಲ.

ಬರುವಾಗ ರೈಲಿನಲ್ಲಿ ಅವನ ಎದುರಿಗೆ ಭಾಲ್ಕಿಯ ಕಿರಾಣಿ ವ್ಯಾಪಾರಿ ಬಕ್ಕಪ್ಪ ಕುಳಿತಿದ್ದ. ಜೂನ್ ತಿಂಗಳ ಸೆಖೆಯಲ್ಲಿ ಎರಡು ಕೋಟು ಹಾಕಿಕೊಂಡಿದ್ದ. ಗಡಿಯ ಆಚೆಯ ಸ್ಟೇಷನ್ನಿನಲ್ಲಿ ಯೂನಿಯನ್ನಿನ, ಅಂದರೆ ಭಾರತ ಸರ್ಕಾರದ, ಸಿಪಾಯಿ ಬಂದು, ಪರದೇಶಕ್ಕೆ ಔಷಧಿ ಒಯ್ಯಬಾರದು ಎಂದ. ಕಾಶೀರಾಮ ಚೀಟಿ ತೋರಿಸಿದ. ಸಿಪಾಯಿ ಫೌಜಿನ ಮೊಹರು ನೋಡಿ ಸಲಾಮು ಹೊಡೆದು ಇಳಿದು ಹೋದ. ಕಾಶೀರಾಮನ ಎದೆ ಉಬ್ಬಿತು. ಮುಂದಿನ ಸ್ಟೇಷನ್ನಿನಲ್ಲಿ ನಿಜಾಮ ಸರ್ಕಾರದ ಕರೋಡಗಿರಿಯವರು, ಅಂದರೆ ಸುಂಕದ ಕಟ್ಟೆಯವರು, ಹತ್ತಿ, "ಏನಾರ ಅದೇನ್ರಿ?" ಎಂದು ಸುಮ್ಮನೆ ರೂಢಿಗೆ ಕೇಳಿದರು. ಬಕ್ಕಪ್ಪ ಕೈ ಮುಗಿದು, "ಏನೂ ಇಲ್ರಿ ಸರಕಾರ, ಮೈಯಾಗ ಜ್ವರ ಅದ," ಎಂದ. ಅವನ ಎರಡನೆಯ ಕೋಟಿನಿಂದ ಔಷಧದ ಸೀಸೆಗಳ ಸದ್ದು ಇಡೀ ಬೋಗಿಗೆ ಕೇಳಿಸುತ್ತಿತ್ತು. ಕರೋಡಗಿರಿಯವರಿಗೆ ಮಾತ್ರ ಕೇಳಿಸಲಿಲ್ಲ. ಕಾಶೀರಾಮ ನೆಟ್ಟಗೆ ಎದ್ದು ನಿಂತು, ಡಬ್ಬಿಯನ್ನೂ ಚೀಟಿಯನ್ನೂ ಮುಂದೆ ಹಿಡಿದ.

"ಮಾರ್ಫಿಯಾ ಅದ್ರಿ. ನೂರು ಗುಳಗಿ. ಕಾಗದ ಬರೋಬ್ಬರಿ ಅದ."

ಬಕ್ಕಪ್ಪ ತಲೆಗೆ ಕೈ ಹಚ್ಚಿಕೊಂಡ.

ಕಾಗದ ಸರಿಯಾಗಿತ್ತು, ಅದಕ್ಕೇ ಕೇಸಾಯಿತು. ಅಫೀಮಿನ ಸತ್ವವನ್ನು ಗೈರ್ ಮುಲ್ಕಿನಿಂದ, ಅಂದರೆ ಪರದೇಶದಿಂದ, ಪರವಾನಗಿ ಇಲ್ಲದೆ ತಂದಿದ್ದಾನೆಂದು ತಂದವನೇ ಲಿಖಿತವಾಗಿ ಒಪ್ಪಿಕೊಂಡಿದ್ದಾನೆ ಎಂದು ಬರೆದುಕೊಂಡರು. ಡಬ್ಬಿಗೆ ಅರಗು ಹಚ್ಚಿ, ಅವನ ಜಿಲ್ಲೆ ಬೀದರವಾದ್ದರಿಂದ ಅಲ್ಲಿಯ ಅಬ್ಕಾರಿ ಕಚೇರಿಗೆ ಡಬ್ಬಿಯನ್ನೂ ಅವನನ್ನೂ ಕಳಿಸಿಕೊಟ್ಟರು.

ಬೀದರದ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿದ್ದ ಆ ಕಚೇರಿಯ ದಾರೋಗಾ ಜಹೀರೋದ್ದೀನ ಸಾಹೇಬರು ಸಣ್ಣ ಮೈಯ, ದೊಡ್ಡ ಮೀಸೆಯ ಮನುಷ್ಯ. ಕೆಟ್ಟವರಲ್ಲ. ಆದರೆ ಕಾಯಿದೆಯನ್ನು ಉಪ್ಪಿನಕಾಯಿಯಂತೆ ಚಪ್ಪರಿಸುವ ಜಾತಿ.

"ಪರವಾನಗಿ ಹೈದರಾಬಾದಿಂದ ಬರಬೇಕು. ಅಲ್ಲೀತನಕ ಮಾಲು ಸರ್ಕಾರದ ತಿಜೋರಿನಾಗ," ಎಂದರು.

"ಅಲ್ಲೀತನಕ ನನ್ನ ಕಾಲು?"

ದಾರೋಗಾ ಅವನ ಕಾಲನ್ನು ನೋಡಿದರು. ಮರದ್ದನ್ನೂ ನೋಡಿದರು. ಆಮೇಲೆ ತಮ್ಮ ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ಮಾಡದಿದ್ದ ಒಂದು ಉಪಾಯ ಮಾಡಿದರು. ಮರೀಜನನ್ನು, ಅಂದರೆ ರೋಗಿಯನ್ನು, ದವೆಯಿಂದ ದೂರ ಇಡಲು ಸರ್ಕಾರಕ್ಕೆ ಮನಸ್ಸಿಲ್ಲ. ದವೆಯನ್ನು ತಿಜೋರಿಯಿಂದ ಹೊರಗೆ ಬಿಡಲು ಅಧಿಕಾರವಿಲ್ಲ. ಆದ್ದರಿಂದ ಮರೀಜನೇ ದಿನಾಲು ಹತ್ತು ಗಂಟೆಗೆ ಕಚೇರಿಗೆ ಬಂದು, ದಾರೋಗಾರ ಎದುರಿಗೆ ಒಂದು ಗುಳಿಗೆ ನುಂಗಿ, ನಾಲಿಗೆ ಎತ್ತಿ ತೋರಿಸಿ, ರಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತತಕ್ಕದ್ದು.

"ಸಹಿ ಮಾಡ್ತೇನ್ರಿ ನಾ. ಇಂಗ್ಲಿಷಿನಾಗ," ಎಂದ ಕಾಶೀರಾಮ.

ದಾರೋಗಾ ಅವನ ಊರು ಮತ್ತು ಕೇರಿ ಬರೆದ ಕಾಗದವನ್ನೊಮ್ಮೆ ನೋಡಿ, "ನಮೂನೆಯಾಗ ಅಂಗುಠಾ ಅಂತ ಅದ," ಎಂದರು.

ಹೆಬ್ಬೆಟ್ಟಿಗೆ ಮಸಿ ಹಚ್ಚಿದಾಗ ಕಾಶೀರಾಮನಿಗೆ ಕಾಲಿಗಿಂತ ಹೆಚ್ಚು ನೋವಾಯಿತು.

ಎಕಂಬಾದಿಂದ ದಿನಾಲು ಬೀದರಕ್ಕೆ ಬರುವುದು ಆಗದ ಮಾತು. ಊರೊಳಗೆ ಕೋಣೆ ಕೇಳಿದರೆ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಕೇರಿ ಕೇಳುತ್ತಿದ್ದರು, ಆಮೇಲೆ ಕೋಣೆ ಖಾಲಿ ಇಲ್ಲ ಎನ್ನುತ್ತಿದ್ದರು. ಕೊನೆಗೆ ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವ ಮಹಮ್ಮದ ಇಸ್ಮಾಯಿಲ ತನ್ನ ಮನೆಯ ಪಡಸಾಲೆ ಕೊಟ್ಟ. ಮುದುಕನಿಗೆ ಹೆಂಡತಿ ಇರಲಿಲ್ಲ, ಮಾತಿನ ಚಟವಿತ್ತು.

"ನೀವು ಖರೆ ಹೇಳಿ ಕೆಟ್ರಿ ಕಾಶೀರಾಮ," ಎಂದ ಇಸ್ಮಾಯಿಲ. "ಈಗ ಸುಳ್ಳ ಬರಿಯೂಣು, ಉದ್ಧಾರ ಆಗ್ತೀರಿ."

"ಸುಳ್ಳ ಒಂದಕ್ಷರ ಬರೀಬ್ಯಾಡ್ರಿ."

ಅರ್ಜಿ ಖರೆಯಾಗಿಯೇ ಹೋಯಿತು. ಎಂಟು ದಿನಕ್ಕೆ ತಿರುಗಿ ಬಂತು. ಔರಾದ ತಹಸೀಲಿನಿಂದ ದಾಖಲೆ ಬೇಕು, ಭಾಲ್ಕಿಯ ಅಬ್ಕಾರಿ ಇನ್ಸ್‌ಪೆಕ್ಟರರ ತಕರಾರಿಲ್ಲವೆಂಬ ಚೀಟಿ ಬೇಕು. ಬೆಳಿಗ್ಗೆ ಗುಳಿಗೆ ನುಂಗಿ, ಮೋಟಾರು ಹತ್ತಿ, ಮರುದಿನ ಹತ್ತರೊಳಗೆ ತಿರುಗಿ ಬಂದು ಮತ್ತೆ ನುಂಗಿ, ಹೀಗೆ ಕಾಶೀರಾಮ ತಿರುಗತೊಡಗಿದ. ಔರಾದದಲ್ಲಿ ತಹಸೀಲಿನ ಕಾಗದ ನೋಡುವ ಪೇಷ್ಕಾರ ನರಸಿಂಗರಾವ ಅವನನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಚೀಟಿಯ ತರ್ಜುಮೆ ಕೇಳಿಸಿಕೊಂಡರು.

"ನೋವು ಎಲ್ಲಿ?"

"ಎಡಗಾಲ ಪಾದದಾಗ್ರಿ."

"ಪಾದ ಎಲ್ಲದ?"

"ಬರ್ಮಾದಾಗ್ರಿ."

ಪೇಷ್ಕಾರರು ಲೇಖಣಿ ಕೆಳಗಿಟ್ಟರು. "ನೋವು ಬರ್ಮಾದಾಗ ಅದ, ದವಾ ಔರಾದಾಗ ಯಾಕ ಬೇಕು? ಇಲ್ಲದ ಕಾಲು ನೋಯ್ತದಂತ ತಹಸೀಲು ಹ್ಯಾಂಗ ದಾಖಲೆ ಕೊಡಬೇಕೋ?"

ಕಡೆಗೆ ಅವರು ಬರೆದುಕೊಟ್ಟಿದ್ದು ಇಷ್ಟು: ಅರ್ಜಿದಾರನ ಕಾಲು ಇರುವುದಿಲ್ಲ, ನೋವು ಇದೆಯೆಂದು ಅರ್ಜಿದಾರನೇ ಹೇಳುತ್ತಾನೆ, ನೋವನ್ನು ಪಂಚರ ಸಮಕ್ಷಮ ನೋಡಲಾಗಿ ಕಂಡುಬರಲಿಲ್ಲ.

ಭಾಲ್ಕಿಯಲ್ಲಿ ಇನ್ಸ್‌ಪೆಕ್ಟರರು ಸಿಗಲಿಲ್ಲ. ಕಚೇರಿಯ ಪಕ್ಕದಲ್ಲೇ ಸರ್ಕಾರಿ ಲೈಸನ್ಸಿನ ಅಫೀಮಿನ ಅಂಗಡಿ ಇತ್ತು. ಗುತ್ತೇದಾರ ಮಡೆಪ್ಪ ಹಣೆಯ ತುಂಬ ವಿಭೂತಿ ಬಳಿದುಕೊಂಡು ತಕ್ಕಡಿ ಹಿಡಿದಿದ್ದ. ಕಾಶೀರಾಮನ ಕಥೆ ಕೇಳಿ ಅವನಿಗೆ ನಗು ತಡೆಯಲಿಲ್ಲ.

"ಅದಕ್ಕ ಇಷ್ಟ್ಯಾಕ ತಿರಗ್ತೀಯೋ ಮಾರಾಯಾ? ಒಂದ ತೊಲಿ ಒಯ್ಯಿ. ಚೀಟಿ ಬ್ಯಾಡ, ಹೆಬ್ಬಟ್ಟ ಬ್ಯಾಡ. ಸರ್ಕಾರದ್ದೇ ಮಾಲು."

"ಇದ್ರಾಗ ಎಷ್ಟು ಗ್ರೇನು ಸತ್ವ ಅದಂತ ನಿಮಗ ಗೊತ್ತದೇನ್ರಿ?"

"ತಿಂದವಗ ಗೊತ್ತಾಗ್ತದ," ಎಂದ ಮಡೆಪ್ಪ, ಪೊಟ್ಟಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ದೂರಕ್ಕೆ ಸರಿಸಿ.

ಕಾಶೀರಾಮ ಅದನ್ನು ಮುಟ್ಟಲಿಲ್ಲ. ಅಳತೆ ಇಲ್ಲದ ಅಫೀಮು ತಿಂದವರು ಹೇಗೆ ನಿದ್ದೆಯಲ್ಲೇ ಉಸಿರು ಬಿಡುತ್ತಾರೆಂದು ಅವನು ಫೌಜಿ ದವಾಖಾನೆಯಲ್ಲಿ ಕಂಡಿದ್ದ. ಆದರೆ ಮೋಟಾರಿನಲ್ಲಿ ಕುಳಿತಾಗ ಲೆಕ್ಕ ಹತ್ತಲಿಲ್ಲ: ಡಾಕ್ಟರು ಅಳೆದು ಕೊಟ್ಟಿದ್ದು ಗುನ್ಹೆ, ಮಡೆಪ್ಪ ಅಂದಾಜಿಗೆ ಕೊಡುವುದು ವ್ಯಾಪಾರ. ಇನ್ನೆರಡು ಸಲ ತಿರುಗಿ ಇನ್ಸ್‌ಪೆಕ್ಟರರ ಚೀಟಿ ಸಿಕ್ಕ ಮೇಲೆ ಅರ್ಜಿ ಹೈದರಾಬಾದಿಗೆ ಹೋಯಿತು.

ಆ ತಿರುಗಾಟಕ್ಕೆ ಕಾಲು ದಿನಾಲು ಉರಿಯುತ್ತಿತ್ತು. ಜುಲೈ ಮೂರನೆಯ ವಾರ ಒಂದು ಬೆಳಿಗ್ಗೆ ಅವನಿಗೆ ನೋವೇ ಇರಲಿಲ್ಲ. ಕಚೇರಿಗೆ ಹೋಗಿ, "ಇವತ್ತ ಬ್ಯಾಡ್ರಿ," ಎಂದ.

ದಾರೋಗಾ ಗಾಬರಿಯಾದರು. "ಬ್ಯಾಡ ಅಂದ್ರ ಹ್ಯಾಂಗ? ರಜಿಸ್ಟರಿನಾಗ ಇವತ್ತಿನ ಖಾನೆ ಖಾಲಿ ಬಿಡಲಿಕ್ಕಿ ಬರಲ್ಲ. ಖಾಲಿ ಬಿಟ್ರ, ಮರೀಜಗ ದವಾದ ಜರೂರತ್ ಇಲ್ಲ ಅಂತ ಆಗ್ತದ. ಜರೂರತ್ ಇಲ್ಲಂದ್ರ ಮಾಲು ಜಪ್ತಿ."

"ಚೀಟಿನಾಗ ನೋವಿದ್ದ ದಿನ ಅಷ್ಟೇ ಅಂತ ಬರದದ್ರಿ."

"ಚೀಟಿ ಡಾಕ್ಟರದು. ರಜಿಸ್ಟರ ಸರ್ಕಾರದ್ದು. ನುಂಗ್ರಿ."

ನುಂಗಿದ. ಅಂದಿನಿಂದ ನೋವಿದ್ದರೂ ನುಂಗಿದ, ಇಲ್ಲದಿದ್ದರೂ ನುಂಗಿದ. ಮುಂದಿನ ಹದಿನೈದು ದಿನಗಳಲ್ಲಿ ಅವನಿಗೊಂದು ಹೊಸ ರೋಗ ಗೊತ್ತಾಯಿತು. ಬೆಳಿಗ್ಗೆ ಒಂಬತ್ತಕ್ಕೇ ಆಕಳಿಕೆ ಸುರುವಾಗುತ್ತಿತ್ತು, ಮೂಗು ಸೋರುತ್ತಿತ್ತು, ಮೈಮೇಲೆ ಮುಳ್ಳು ಏಳುತ್ತಿತ್ತು. ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆರೆಯುವ ಸದ್ದಿಗೆ ಬಾಯಲ್ಲಿ ನೀರೂರುತ್ತಿತ್ತು. ಇದೇನೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಚಟ ತಡೆಯಲೆಂದು ಇದ್ದ ಕಾಯಿದೆ ಅವನಿಗೆ ದಿನಾಲು ಹತ್ತಕ್ಕೆ ಸರಿಯಾಗಿ ಚಟ ಹಚ್ಚಿಸಿತ್ತು. ಅದಕ್ಕೆ ಅವನ ಹೆಬ್ಬೆಟ್ಟಿನ ಸಾಕ್ಷಿಯೂ ಇತ್ತು.

ಆಗಸ್ಟಿನಲ್ಲಿ ಯೂನಿಯನ್ನಿನವರು ಬಿಗಿದ ನಾಕಾಬಂದಿ ಬೀದರದ ಹೊಟ್ಟೆಗೆ ಬಂತು. ಉಪ್ಪು ಇಲ್ಲ, ಸೀಮೆಎಣ್ಣೆ ಇಲ್ಲ, ಕ್ವಿನೈನು ಇಲ್ಲ. ಬೀದರ ಕಚೇರಿಯ ಎದುರಿಗೂ ಒಂದು ಸರ್ಕಾರಿ ಅಫೀಮಿನ ಅಂಗಡಿ ಇತ್ತು, ಅದಕ್ಕೂ ಬೀಗ ಬಿತ್ತು. ಅದಾದ ಮೂರನೆಯ ದಿನ ಕಾಶೀರಾಮ ಹೋದಾಗ ದಾರೋಗಾ ಸಾಹೇಬರು ರುಮಾಲಿನಿಂದ ಮೂಗು ಒರೆಸುತ್ತ, ಸಾಲಾಗಿ ನಾಲ್ಕು ಸಲ ಆಕಳಿಸಿದರು. ಕಾಶೀರಾಮನೂ ಆಕಳಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದಾರೋಗಾ ಮೊದಲು ಕಣ್ಣು ತೆಗೆದರು.

ಮುಂದಿನ ವಾರ ಡಬ್ಬಿ ತೆರೆದಾಗ ಕಾಶೀರಾಮ ಕಣ್ಣಳತೆಯಲ್ಲೇ ಎಣಿಸಿದ. ಐವತ್ತೊಂಬತ್ತು ಇರಬೇಕಿತ್ತು. ಮೂವತ್ತು ಚಿಲ್ಲರೆ ಇದ್ದವು.

"ಉಳಿದವು ಎಲ್ಲವ್ರಿ?"

"ನಮೂನೆ. ತಪಾಸಕ್ಕ ಹೈದರಾಬಾದಿಗೆ ಕಳಿಸೀವಿ."

"ಯಾರ ಹೊಟ್ಟಿನಾಗ ಹೈದರಾಬಾದ ಅದ್ರಿ?"

ದಾರೋಗಾ ಮೇಜು ಗುದ್ದಿ ಎದ್ದರು. ಎದ್ದವರು ನಿಲ್ಲಲಾರದೆ ಕುರ್ಚಿಯ ಕೈ ಹಿಡಿದರು. ಕಾಶೀರಾಮ ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಅವನ ಸಿಟ್ಟು ಗಂಟಲತನಕ ಬಂದಿತ್ತು. ಆದರೆ ಎದುರಿನ ಮನುಷ್ಯನ ತೋಳಿನ ಮೇಲೆ ಎದ್ದ ಮುಳ್ಳು, ಬೆವೆತ ಹಣೆ, ನಡುಗುವ ಮೀಸೆ ನೋಡಿದ ಮೇಲೆ ಸಿಟ್ಟಿನ ಜಾಗದಲ್ಲಿ ಹಳೆಯ ಆರ್ಡರ್ಲಿ ಎದ್ದು ಕುಳಿತ.

"ಎಷ್ಟು ವರ್ಷ ಆತ್ರಿ?"

"ಹನ್ನೊಂದು," ಎಂದರು ದಾರೋಗಾ, ಸಣ್ಣ ದನಿಯಲ್ಲಿ. "ಮನ್ಯಾಗ ಯಾರಿಗೂ ಗೊತ್ತಿಲ್ಲ. ಕಾಶೀರಾಮ, ನೀವು ಬೇಕಾದ್ರ ಅರ್ಜಿ ಕೊಡ್ರಿ. ನನ್ನ ನೌಕರಿ ಹೋಗ್ತದ. ಆದ್ರ ಇವತ್ತಿಂದು ಒಂದು..."

"ಇವತ್ತಿಂದು ಒಂದು ಅಲ್ಲ, ಮುಕ್ಕಾಲು," ಎಂದ ಕಾಶೀರಾಮ. "ನಿಮಗೂ ಮುಕ್ಕಾಲು, ನನಗೂ ಮುಕ್ಕಾಲು. ಐದು ದಿನ ಬಿಟ್ಟು ಅರ್ಧ. ಆಮ್ಯಾಗ ಕಾಲು. ಬ್ಲೇಡು ತರಸ್ರಿ."

ದಾರೋಗಾ ಮಕ್ಕಳಂತೆ ಕೈ ಚಾಚಿದರು. ಕಾಶೀರಾಮ ಗುಳಿಗೆ ಕತ್ತರಿಸಿ ಅವರ ಅಂಗೈಯಲ್ಲಿಟ್ಟ. ಅವರು ನುಂಗಿದ ಮೇಲೆ, "ನಾಲಿಗಿ ಎತ್ರಿ," ಎಂದ. ಎತ್ತಿದರು. ಕಾಶೀರಾಮ ಮಸಿಯ ಗದ್ದಿಗೆಯನ್ನು ಅವರ ಮುಂದೆ ಸರಿಸಿದ.

"ಇದೇನು?"

"ಅಂಗುಠಾ."

"ನಾನು ದಾರೋಗಾ! ನಾನು ದಸ್ತಖತ್ ಮಾಡ್ತೇನಿ!"

"ನಮೂನೆಯಾಗ ಅಂಗುಠಾ ಅಂತ ಅದ್ರಿ."

ಅವತ್ತು ರಜಿಸ್ಟರಿನ ಒಂದೇ ಖಾನೆಯಲ್ಲಿ ಎರಡು ಹೆಬ್ಬೆಟ್ಟು ಬಿದ್ದವು. ಮರುದಿನವೂ ಬಿದ್ದವು. ಹೀಗೆ ಒಂದು ತಿಂಗಳ ಮೇಲೆ ನಡೆಯಿತು. ಅರ್ಧಕ್ಕೆ ಇಳಿದ ವಾರ ಇಬ್ಬರಿಗೂ ಹೊಟ್ಟೆ ಹಿಂಡಿತು. ದಾರೋಗಾ ಮೂರು ಸಲ ಬೈದರು, ಒಂದು ಸಲ ಅತ್ತರು. ಕಾಶೀರಾಮ ಇಸ್ಮಾಯಿಲನ ಪಡಸಾಲೆಯಲ್ಲಿ ಕಂಬಳಿ ಹೊದ್ದು ನಡುಗುತ್ತ ಬಿದ್ದಿದ್ದು, ಹತ್ತಕ್ಕೆ ಎದ್ದು, ಕುಂಟುತ್ತ ಹೋಗಿ ಬ್ಲೇಡು ಹಿಡಿಯುತ್ತಿದ್ದ. ಕತ್ತರಿಸುವ ಅಳತೆ ಒಂದು ದಿನವೂ ತಪ್ಪಲಿಲ್ಲ. ಕಾಲು ಗುಳಿಗೆಗೆ ಇಳಿದ ವಾರ ದಾರೋಗಾ ಮೊದಲ ಬಾರಿಗೆ ಬೆಳಗಿನ ನಾಷ್ಟಾ ತಿಂದು ಬಂದೆನೆಂದು ಹೇಳಿ ನಕ್ಕರು.

ಸೆಪ್ಟೆಂಬರ ಹದಿಮೂರಕ್ಕೆ ಯೂನಿಯನ್ನಿನ ಫೌಜು ಗಡಿ ದಾಟಿತು. ಐದು ದಿನದಲ್ಲಿ ನಿಜಾಮನ ಆಡಳಿತ ಮುಗಿಯಿತು. ಯಾವ ಗಡಿಗಾಗಿ ಕಾಶೀರಾಮ ಎಂಬತ್ತು ದಿನ ಬೀದರದಲ್ಲಿ ಕೊಳೆತಿದ್ದನೋ ಆ ಗಡಿಯನ್ನು ಟ್ಯಾಂಕುಗಳು ಚೀಟಿ ತೋರಿಸದೆ ದಾಟಿ ಬಂದವು. ಭಾಲ್ಕಿಯಲ್ಲಿ ಮಡೆಪ್ಪ ಹದಿನೆಂಟರ ಬೆಳಿಗ್ಗೆಯೇ ಅಂಗಡಿಗೆ ಮೂರು ಬಣ್ಣದ ಬಾವುಟ ಕಟ್ಟಿದ. ಬಕ್ಕಪ್ಪ ಖಾದಿ ಟೋಪಿ ಹಾಕಿಕೊಂಡು, ನಿಜಾಮನ ಜುಲುಮಿಗೆ ಹೆದರದೆ ಜನರಿಗೆ ಔಷಧ ತಂದುಕೊಟ್ಟ ದೇಶಭಕ್ತನೆಂದು ಹಾರ ಹಾಕಿಸಿಕೊಂಡ.

ಬೀದರದ ಗಲ್ಲಿಗಳಲ್ಲಿ ಬೇರೆಯೇ ನಡೆಯುತ್ತಿತ್ತು. ಹಳೆಯ ಸೇಡುಗಳು, ಹೊಸ ಲೂಟಿಗಳು. ದಾರೋಗಾ ಹೆಂಡತಿ ಮಕ್ಕಳನ್ನು ಕರೆದುಕೊಂಡು ಇಸ್ಮಾಯಿಲನ ಒಳಮನೆ ಸೇರಿದ್ದರು. ಒಂದು ಮಧ್ಯಾಹ್ನ ಹತ್ತಿಪ್ಪತ್ತು ಮಂದಿ ಬಡಿಗೆ ಹಿಡಿದು ಗಲ್ಲಿಗೆ ಬಂದಾಗ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಖಾಕಿ ಬುಷ್ ಕೋಟಿನ ಮೇಲೆ ಎರಡೂ ಪದಕ ಸಿಕ್ಕಿಸಿಕೊಂಡು ಕಾಶೀರಾಮ ಕುಳಿತಿದ್ದ.

"ಒಳಗ ಯಾರದಾರ?"

"ಫೌಜು," ಎಂದ.

ಅವರು ಅವನ ಕೋಟು ನೋಡಿ, ಇವನು ಬಂದ ಫೌಜಿನವನೋ ಇದ್ದ ಫೌಜಿನವನೋ ಎಂದು ತಿಳಿಯದೆ, ಯಾವುದಕ್ಕೂ ಇರಲೆಂದು ಜೈಹಿಂದ್ ಹೇಳಿ ಮುಂದಿನ ಗಲ್ಲಿಗೆ ಹೋದರು. ಅವರು ಹೋದ ಮೇಲೆ ಕಾಶೀರಾಮ ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಕುಳಿತ. ಮುಂದಿನ ಗಲ್ಲಿಯಿಂದ ಕೂಗು ಕೇಳಿಸಿತು. ಅಲ್ಲಿಯೂ ಒಂದು ಕುರ್ಚಿ ಹಾಕಲು ಅವನಿಗೆ ಇನ್ನೊಂದು ಮೈ ಇರಲಿಲ್ಲ.

ಕಚೇರಿಗೆ ಬೀಗ ಬಿತ್ತು. ಡಬ್ಬಿಯಲ್ಲಿ ಉಳಿದಿದ್ದ ಚೂರುಪಾರು ಒಳಗೇ ಉಳಿಯಿತು. ಇಬ್ಬರೂ ನಾಲ್ಕು ದಿನ ಒದ್ದಾಡಿ ಐದನೆಯ ದಿನ ಹೊಟ್ಟೆ ತುಂಬ ಉಂಡರು. ಕಾಶೀರಾಮ ಎಕಂಬಾಕ್ಕೆ ಹೋದ. ಕೇಶರಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಚೀಟಿ ಎಲ್ಲದ್ರಿ?" ಎಂದಳು.

ನವೆಂಬರಿನಲ್ಲಿ ಬೀದರದಿಂದ ಸಮನ್ಸು ಬಂತು. ಧಾರವಾಡದ ಕಡೆಯಿಂದ ಎರವಲು ಬಂದ ಹೊಸ ಸಾಹೇಬರು ಅಬ್ಕಾರಿಯನ್ನೂ ಮ್ಯಾಜಿಸ್ಟ್ರೇಟಗಿರಿಯನ್ನೂ ಒಟ್ಟಿಗೆ ಹೊತ್ತಿದ್ದರು. ಹೊಸ ಚಷ್ಮಾ, ಹೊಸ ಧ್ವಜ, ಹೊಸ ಹುರುಪು. ಉರ್ದು ಬರುತ್ತಿರಲಿಲ್ಲವಾದ್ದರಿಂದ ಕಡತ ಓದಲು ಮಹಮ್ಮದ ಇಸ್ಮಾಯಿಲನನ್ನು ಕರೆಸಿದ್ದರು.

"ಮೊದಲು ಒಂದು ಸಂತೋಷದ ಸುದ್ದಿ," ಎಂದರು ಸಾಹೇಬರು ಪುಸ್ತಕದ ಕನ್ನಡದಲ್ಲಿ. "ನಿಮ್ಮ ಪರವಾನಗಿ ಹೈದರಾಬಾದಿನಿಂದ ಬಂದಿದೆ. ಆದರೆ ಅದು ಅನೂರ್ಜಿತ. ಕೊಟ್ಟ ಸರ್ಕಾರ ಈಗಿಲ್ಲ. ಪರದೇಶವೆಂದು ಬರೆದದ್ದು ಈಗ ಸ್ವದೇಶ."

"ಹಂಗಾದ್ರ ಗುನ್ಹೇನೂ ಹೋತಲ್ರಿ?"

"ಇಲ್ಲ. ಗುನ್ಹೆ ಆದಾಗ ಗಡಿ ಇತ್ತು. ಕಾಯಿದೆ ಮುಂದುವರಿದಿದೆ."

ಆಮೇಲೆ ಅವರು ರಜಿಸ್ಟರು ತೆರೆದರು. ಅವರ ನಿಜವಾದ ಹುರುಪು ಅಲ್ಲಿತ್ತು. ಆಗಸ್ಟಿನ ನಡುವಿನಿಂದ ಪ್ರತಿ ಖಾನೆಯಲ್ಲಿ ಎರಡು ಹೆಬ್ಬೆಟ್ಟು. ಎರಡನೆಯದು ಯಾರದು? ಹಳೆಯ ಸರ್ಕಾರದ ನೌಕರರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಒಳಗೆ ಹಾಕುತ್ತಿದ್ದ ಕಾಲ ಅದು. ಸರ್ಕಾರದ ತಿಜೋರಿಯ ಮಾಲು ತಿಂದ ದಾರೋಗಾ ಎಂದರೆ ಜೈಲು ಖಚಿತ, ಜೈಲಿನಲ್ಲಿ ಬದುಕುವುದು ಖಚಿತವಲ್ಲ. ಇಸ್ಮಾಯಿಲ ರಜಿಸ್ಟರಿನ ಮೇಲೆ ಬಗ್ಗಿ, ಓದಲು ಏನೂ ಇಲ್ಲದ ಕಡೆ ಬಹಳ ಹೊತ್ತು ಓದಿದ. ಬಾಗಿಲ ಬಳಿ ಸಾಕ್ಷಿಯೆಂದು ಕರೆಸಿದ್ದ ಹಳೆಯ ದಾರೋಗಾ ಜಹೀರೋದ್ದೀನರು ಗೋಡೆ ಹಿಡಿದು ನಿಂತಿದ್ದರು.

"ಕಾಶೀರಾಮ, ನೀವು ಫೌಜಿನವರು. ನಿಜ ಹೇಳುತ್ತೀರೆಂದು ಕಡತದ ತುಂಬ ಬರೆದಿದೆ. ಇದು ಯಾರ ಹೆಬ್ಬೆಟ್ಟು?"

ಕಾಶೀರಾಮ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ.

"ಎರಡೂ ನನ್ನವೇ ರೀ. ಒಂದು ಬಲಗೈದು, ಒಂದು ಎಡಗೈದು."

ಇಸ್ಮಾಯಿಲ ಕೆಮ್ಮಿದ. ಸಾಹೇಬರು ಭೂತಗನ್ನಡಿ ಹಿಡಿದು ಬೆರಳನ್ನೂ ಮಸಿಯನ್ನೂ ಬಹಳ ಹೊತ್ತು ಹೋಲಿಸಿದರು. ಮಸಿ ಎಲ್ಲ ಒಂದೇ ತರಹ ಕಂಡಿತು. ತಜ್ಞರಿಗೆ ಕಳಿಸಬೇಕೆಂದರೆ ಹೈದರಾಬಾದಿಗೆ ಬರೆಯಬೇಕು, ಹೈದರಾಬಾದಿನ ತಜ್ಞರೇ ತನಿಖೆಯಲ್ಲಿದ್ದರು.

"ಅಂದರೆ ನೀವು ದಿನಕ್ಕೆ ಎರಡು ಬಾರಿ ಸೇವಿಸಿದ್ದೀರಿ. ಚೀಟಿಯಲ್ಲಿ ಒಂದು ಎಂದಿದೆ. ವೈದ್ಯರ ಅಪ್ಪಣೆ ಮೀರಿದ ಸೇವನೆ. ಇದು ಬೇರೆ ಕಲಮು."

"ಹೌದ್ರಿ."

"ನಿಮ್ಮಂಥವರಿಂದಲೇ ಈ ನಾಡು ಹಿಂದುಳಿದಿದೆ," ಎಂದು ಸಾಹೇಬರು ನೊಂದುಕೊಂಡು, ಫೌಜಿನ ಸೇವೆಯನ್ನು ಪರಿಗಣಿಸಿ, ಕೋರ್ಟು ಏಳುವವರೆಗೆ ಬೆಂಚಿನ ಮೇಲೆ ಕೂರುವ ಶಿಕ್ಷೆ ಬರೆದರು. ಡಬ್ಬಿಯಲ್ಲಿದ್ದ ಚೂರುಗಳನ್ನು ಪಂಚರ ಎದುರು ಗಟಾರಕ್ಕೆ ಸುರಿಸಿದರು. ಆ ಹೊತ್ತಿಗೇ ಕಾಶೀರಾಮನ ಇಲ್ಲದ ಪಾದ ಉರಿಯತೊಡಗಿತ್ತು.

ಅವನು ಬೆಂಚಿನ ಮೇಲೆ ಕುಳಿತ. ಸರ್ಕಾರದ ಎದುರು ಅವನು ಹೇಳಿದ ಮೊದಲ ಸುಳ್ಳು ಅದು. ನಾಚಿಕೆಯಾಗುತ್ತದೆಂದು ಕಾಯ್ದ; ಆಗಲಿಲ್ಲ. ಕಾಲು ಮಾತ್ರ ಉರಿಯಿತು. ಜಹೀರೋದ್ದೀನರು ಬಂದು ಬೆಂಚಿನ ಇನ್ನೊಂದು ತುದಿಗೆ ಕುಳಿತರು. ಅವರಿಗೆ ಶಿಕ್ಷೆ ಇರಲಿಲ್ಲ, ನೌಕರಿಯೂ ಇರಲಿಲ್ಲ.

"ಯಾಕ ಹಂಗಂದ್ರಿ ಕಾಶೀರಾಮ ಸಾಹೇಬ?"

ಸಾಹೇಬ ಎಂಬ ಮಾತನ್ನು ಆ ಬಾಯಿಂದ ಅವನು ಮೊದಲ ಸಲ ಕೇಳಿದ್ದ.

"ಒಂದ ತಿಂಗಳ ನಿಮ್ಮ ಇಲಾಜು ಮಾಡೀನಿ," ಎಂದ ಕಾಶೀರಾಮ. "ಜೈಲಿಗಿ ಹೋಗಿ ಮತ್ತ ತಿನ್ನಾಕ ಸುರು ಮಾಡಿದ್ರ ನನ್ನ ಮೆಹನತ್ ನೀರಪಾಲು ಆಗ್ತದ್ರಿ."

ಜಹೀರೋದ್ದೀನರು ಏನೋ ಹೇಳಹೋಗಿ, ರುಮಾಲು ತೆಗೆದು ಮೂಗು ಒರೆಸಿಕೊಂಡರು. ಈ ಸಲ ಅದು ಅಫೀಮಿನದಾಗಿರಲಿಲ್ಲ.

ನಾಲ್ಕು ಗಂಟೆಗೆ ಸಾಹೇಬರು ಕೋಟೆಯ ಕಡೆ ಯಾವುದೋ ಸತ್ಕಾರ ಸಮಾರಂಭಕ್ಕೆ ಹೊರಟುಹೋದರು. ಕೋರ್ಟು ಎದ್ದಿತೆಂದು ಹೇಳುವುದನ್ನು ಯಾರೂ ನೆನಪಿಡಲಿಲ್ಲ. ಕಸ ಹೊಡೆಯಲು ಬಂದ ಚಪ್ರಾಸಿ ಯುನುಸ, "ಇನ್ನೂ ಯಾಕ ಕುಂತೀರಿ?" ಎಂದ. ಆಮೇಲೆ ವಿಷಯ ತಿಳಿದು ತಲೆ ಕೆರೆದುಕೊಂಡ. "ಹಂಗ ಎದ್ದು ಹೋಗಲಿಕ್ಕಿ ಬರಲ್ರಿ. ಶಿಕ್ಷಾ ಮುಗೀತು ಅಂತ ಸಾಹೇಬ್ರ ದಸ್ತಖತಿನ ಚೀಟಿ ಬೇಕು. ನಾಳಿ ಮುಂಜಾನಿ ಬಂದು ಒಯ್ರಿ. ಚೀಟಿ ಇಲ್ದ ಹೋದ್ರ ಫರಾರಿ ಅಂತ ಬರಕೋತಾರ."

"ಬರಕೋಲಿ," ಎಂದು ಕಾಶೀರಾಮ ಎದ್ದ.

ಜಹೀರೋದ್ದೀನರು ಹೆಗಲು ಕೊಟ್ಟರು. ಇಬ್ಬರೂ ನಿಧಾನವಾಗಿ ಮೆಟ್ಟಿಲು ಇಳಿದು, ಔರಾದದ ಕೊನೆಯ ಮೋಟಾರು ಹಿಡಿಯಲು ಚೌಬಾರಾದ ಕಡೆ ನಡೆದರು.